ಶೇಂಗಾ ಸುಲಿಯೋರ ಮುಂದ ಓದಿದ ಕತಿ

ಬರಿಯೋ ಹುಚ್ಚು ಹತ್ತಿದ ಹುಡುಗಿ ನಿಮ್ಮ ಮನ್ಯಾಗಿದ್ರ ದಯಮಾಡಿ ಆಕಿನ್ನ ಹೊಗಳಬ್ಯಾಡ್ರಿ. ಹೊಗಳಿಸಿಕೊಂಡು ನಾನು ಕೆಟ್ಟೀನಿ, ಅದಕ್ಕ ಹೇಳಾಕತ್ತೀನಿ.

ಎಪ್ಪತ್ತರ ದಶಕದಾಗ ನಾನು ಬಳ್ಳಾರಿ ಪಾರ್ವತಿನಗರದ ಸೋದರಮಾವನ ಮನ್ಯಾಗಿದ್ದು ಕಾಲೇಜಿಗೆ ಹೋಗ್ತಿದ್ದೆ. ಓದೋದು ಕಡಿಮಿ, ಕತಿ ಬರಿಯೋದು ಜಾಸ್ತಿ. ಮಾವ ದೊಡ್ಡ ಮನಸಿನ ಮನಷ್ಯಾ. ನಾನು ಓದಾಕ ಸುರು ಮಾಡಿದ್ರ ಕುರ್ಚಿಗೆ ಒರಗಿ, ಕಣ್ಣು ಮುಚ್ಚಿ, ಎರಡನೇ ಹಾಳಿಗೇ "ಭೇಷ್! ಭೇಷ್!" ಅಂತಿದ್ದ. ಒಂದಿನ ಕತಿ ಮುಗಿಸಿ ಧೋಬಿಗೆ ಹಾಕೋ ಬಟ್ಟಿ ಜೋರಾಗಿ ಎಣಿಸಿದೆ, ಅದಕ್ಕೂ "ಭೇಷ್" ಅಂದ. ಗೆಳತ್ಯಾರೂ ಅಷ್ಟ. ಮಿರ್ಚಿ-ಮಂಡಕ್ಕಿ ಕೊಡಿಸಿದ್ರ ಯಾವ ಕತಿಗಾದ್ರೂ ಕಣ್ಣೀರು ಹಾಕ್ತಿದ್ರು. ಕತಿಗೆ ಅತ್ರೋ, ಮಿರ್ಚಿ ಖಾರಕ್ಕ ಅತ್ರೋ, ಆ ದೇವರಿಗೇ ಗೊತ್ತು.

ಹಿಂಗ ಹೊಗಳಿಸಿಕೊಂಡ ಕತಿ ವಾರಪತ್ರಿಕಿಗೆ ಕಳಿಸಿದ್ರ ಹೋದ ದಾರೀಲೆ ತಿರುಗಿ ಬರ್ತಿದ್ವು. ಮತ್ತೊಂದು ತಿರುಗಿ ಬಂದಾಗ ನನ್ನ ಎದಿ ಒಡೀತು. ನನಗ ನಿಜವಾಗ್ಲೂ ಬರಿಯಾಕ ಬರ್ತೈತೋ ಇಲ್ಲೋ? ಅಷ್ಟು ಗೊತ್ತಾಗಬೇಕಿತ್ತು. ಇಲ್ಲಂದ್ರ ಪೆನ್ನು ಮುರಿದು ಒಲಿಗೆ ಹಾಕಾಕ ತಯಾರಿದ್ದೆ.

ರಜಾಕ್ಕ ನಮ್ಮೂರು ಕುರುಗೋಡಿಗೆ ಹೋದೆ. ಮಳಿ ಬಿದ್ದು ನೆಲ ಬಿತ್ತೋ ಹದಕ್ಕ ಬಂದಿತ್ತು. ಬಿತ್ತೋ ಶೇಂಗಾ ಕೈಲೇ ಸುಲೀಬೇಕು, ಇಲ್ಲಾಂದ್ರ ಬೀಜ ಒಡದು ಮೊಳಕಿ ಬರಂಗಿಲ್ಲ. ಪಡಸಾಲ್ಯಾಗ ರಾಶಿ ಸುರುವಿ ಅವ್ವ, ಸಿರುಗುಪ್ಪದಿಂದ ಬಂದಿದ್ದ ಚಿಗವ್ವ, ನೆರಿಮನಿ ಹೆಂಗಸ್ರು ಸುತ್ತ ಕುಂತಿದ್ರು. ಹೆಬ್ಬೆಟ್ಟು ಉರಿಯೋ ಕೆಲಸ ಅದು. ಬ್ಯಾಸರ ಕಳಿಯಾಕ ಯಾರರ ಹಾಡಬೇಕು, ಇಲ್ಲಾ ಕತಿ ಹೇಳಬೇಕು, ಅದು ರೂಢಿ. "ಲೇ ಹುಡುಗಿ, ಬಳ್ಳಾರ್ಯಾಗ ಏನೋ ಬರೀತಿಯಂತಲ್ಲ, ಓದಬೇ" ಅಂದ್ಲು ಚಿಗವ್ವ.

ಮಾವ ಭೇಷ್ ಅಂದಿದ್ದ ಕತೀನ ತೆಗದೆ. ಚಂದ್ರ, ತಂಗಾಳಿ, ವಿರಹ, ಒಂದೂ ಬಿಟ್ಟಿರಲಿಲ್ಲ. ಕೈಗಳು ಚಟಚಟ ಚಟಚಟ ಓಡಿದ್ವು. ಉಣ್ಣೋ ಹೊತ್ತಿಗೆ ಅರ್ಧ ರಾಶಿ ಖಾಲಿ! ಅಪ್ಪ ಬಂದು ನೋಡಿದ, ಕುಣಿಯೋದೊಂದು ಬಾಕಿ. "ನಿನ್ನ ಕತಿ ಭಾಳ ಚಲೋ ಐತಿ ತಂಗಿ, ಮಂದಿ ತಲಿ ಎತ್ತದಂಗ ದುಡೀತಾರ. ನಾಳಿನೂ ಇದನ್ನ ಓದು!" ಎಲ್ಲಾರೂ ನಕ್ರು. ನನಗ ಕಪಾಳಕ್ಕ ಹೊಡದಂಗಾತು. ಕತಿ ಕಿವಿಗೆ ಬಿದ್ದೋರ ಕೈ ಹಂಗ ಓಡ್ತಾವೇನು?

ಸಿಟ್ಟಿಲೆ ಮಾಳಿಗಿ ಹತ್ತಿ ಕುಂತು ಹೊಸಾ ಕತಿ ಬರದೆ. ಚಂದ್ರನ್ನ ಓಡಿಸಿಬಿಟ್ಟೆ. ಸೊಸೀನ ಬಾಣಂತನಕ್ಕ ತವರಿಗೂ ಕಳಿಸದ, ಆಕಿ ಗಂಗಾಳಕ್ಕ ತುಪ್ಪಾನೂ ಹಾಕದ ಅತ್ತಿ ಒಬ್ಬಾಕಿನ್ನ ತಂದು ಕುಂದ್ರಿಸಿದೆ.

ಮರುದಿನ ಓದಿದೆ. ಮೊದ್ಲು ಚಟಚಟ ಸಪ್ಪಳ ಸಣ್ಣದಾತು, ಆಮ್ಯಾಲ ನಿಂತೇ ಹೋತು. ಅವ್ವನ ಮುಷ್ಟ್ಯಾಗಿನ ಶೇಂಗಾ ಮುಷ್ಟ್ಯಾಗ ಉಳೀತು. ಚಿಗವ್ವ ಆ ಅತ್ತಿಗೆ ಕನ್ನಡದಾಗ ಬೈದ್ಲು, ಸಾಲಲಿಲ್ಲ, ತೆಲುಗಿನಾಗ ಬೈದ್ಲು. ನನ್ನ ಖುಷಿ ಏನು ಕೇಳ್ತೀರಿ! ಹೊಟ್ಟಿ ತುಂಬಿದಂಗಾತು.

ಅಷ್ಟರಾಗ ಅಪ್ಪ ಬಂದ. ಹೊರಗ ಎತ್ತು ಹೂಡಿ, ಬಿತ್ತೋ ಕೂರಿಗಿ ಕಟ್ಟಿ, ಬೀಜಕ್ಕಂತ ಬಂದಿದ್ದ. ನೋಡಿದ್ರ ರಾಶಿ ಇದ್ದಂಗ ಐತಿ!

"ಹಬ್ಬ ಮಾಡಾಕ ಕುಂತೀರೇನು? ಅಲ್ಲಿ ಹದ ಆರಾಕತ್ತೈತಿ! ನಿಲ್ಸು ನಿನ್ನ ಪುರಾಣ!"

ನಾನು ಹಾಳಿ ಮಡಚಿದೆ. ಮುಗೀತು ನನ್ನ ಬರಿಯೋದು ಅನ್ಕೊಂಡೆ. ಅವ್ವ ಅಪ್ಪಗ ಎದುರಾಡಿದಾಕಿ ಅಲ್ಲ. ಅಂಥಾಕಿ "ಒಂದೀಟು ತಡೀರಿ, ಆ ಬಾಣಂತಿ ಕೂಸು ಎತ್ಕೊಂಡು ತವರಿಗೆ ಹೊಂಟಾಳ" ಅಂದ್ಲು.

"ಯಾವ ಬಾಣಂತಿ?"

"ಕತ್ಯಾಗಿನಾಕಿ."

"ಏನಾತು ಆಕಿಗೆ?"

ಎಲ್ಲಾರೂ ನನ್ನ ಮಾರಿ ನೋಡಿದ್ರು. ಹಾಳಿ ಬಿಚ್ಚಿ ಮೊದ್ಲಿಂದ ಓದಿದೆ. ಅಪ್ಪ ಸ್ವಲ್ಪ ಹೊತ್ತು ನಿಂತ, ಆಮ್ಯಾಲ ಕಂಬಕ್ಕ ಒರಗಿ ಕುಂತ. ಹೊರಗಿಂದ ಆಳು ಕೂಗಿದ, "ಯಜಮಾನ್ರ, ಎತ್ತು ನಿಲ್ಲವಲ್ವು, ಹೋಗೂಣೇನ್ರಿ?"

ಹದ ಬಿಟ್ಟು ಸ್ವಂತ ತಮ್ಮನ ಮದುವಿಗೂ ಹೋಗದ ಮನಷ್ಯಾ ನಮ್ಮಪ್ಪ. "ಎತ್ತು ಬಿಚ್ಚಲೇ, ನಾಳಿ ಬಿತ್ತಿದ್ರಾತು" ಅಂದ. ಆಮ್ಯಾಲ ನನ್ನ ಕಡಿ ತಿರುಗಿ, ದನಿ ಸಣ್ಣದು ಮಾಡಿ ಕೇಳಿದ:

"ಹೂಂ, ಓದವ್ವಾ. ಆ ಹುಡುಗಿನ್ನ ಅವರಪ್ಪ ಒಳಗ ಕರ್ಕೊಂಡ್ನೋ ಇಲ್ಲೋ?"