ಹಸಿರು ಪಟ್ಟಿಯ ಹಿಂದೆ ತುಂಬಿದ್ದ ಡಿಸ್ಕ್

ಕಳೆದ ಫೆಬ್ರುವರಿಯ ಒಂದು ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ. ಶಿರಸಿಯ ಅಡಿಕೆ ಮಾರಾಟ ಸಂಘವೊಂದರ ಕಂಪ್ಯೂಟರ್ ಕೋಣೆಯಲ್ಲಿ ಮೂವರಿದ್ದೆವು: ವ್ಯವಸ್ಥಾಪಕ ಹೆಗಡೆಯವರು, ಹೊಸದಾಗಿ ಸೇರಿದ್ದ ಸಿದ್ದಾಪುರದ ಶೈಲಜಾ, ಸರ್ವರ್ ನೋಡಿಕೊಳ್ಳುವ ನಾನು. ಸಂಘದ ಲೆಕ್ಕ, ವ್ಯಾಪಾರಿಗಳು ಅಡಿಕೆಗೆ ದರ ಹಾಕುವ ಟೆಂಡರ್ ಎಲ್ಲವೂ ಸರ್ವರಿನ ಎರಡು ಡಿಸ್ಕ್‌ಗಳಲ್ಲಿ ಇರುತ್ತಿದ್ದವು. ಯಾವುದು ಎಷ್ಟು ತುಂಬಿದೆ ಎಂದು ನೋಡಿ ಹೆಗಡೆಯವರ ವಾಟ್ಸಾಪಿಗೆ ಒಂದು ಸಾಲು ಕಳಿಸುವುದು ದಿನವೂ ನನ್ನ ಮೊದಲ ಕೆಲಸ. ಅಂದಿನ ಸಾಲು: ‘ಮೊದಲ ಡಿಸ್ಕ್ ಶೇ. 97, ಎರಡನೆಯದು ಶೇ. 20. ಮೊದಲನೆಯದರಲ್ಲಿ ಜಾಗ ಮಾಡಬೇಕು, ಅನುಮತಿ ಕೊಡಿ.’

ಶೈಲಜಾ ಇದನ್ನೇ ಗೋಡೆಯ ಟಿವಿಯಲ್ಲಿ ಬಣ್ಣದ ಪಟ್ಟಿಯಾಗಿ ಬರುವಂತೆ ಮಾಡಿದ್ದಳು. ಜಾಗವಿದ್ದರೆ ಹಸಿರು, ಕಡಿಮೆಯಾದರೆ ಹಳದಿ, ತುಂಬಿದರೆ ಕೆಂಪು. ಚಹಾ ಲೋಟ ಹಿಡಿದವರೆಲ್ಲ ಅದರ ಮುಂದೆ ನಿಲ್ಲುತ್ತಿದ್ದರು. ಇಷ್ಟು ವರ್ಷಗಳಲ್ಲಿ ನನ್ನ ಸಾಲಿಗಾಗಿ ಯಾರೂ ನಿಂತಿರಲಿಲ್ಲ.

“ಭಟ್ರೇ, ನಿಂಗಳ ಮೆಸೇಜು ಆನು ಓದದೇ ಇಲ್ಲೆ. ಇಲ್ಲಿ ಹಸಿರು ಕಂಡ್ರೆ ಮುಗತ್ತು. ನಾಳೆಯಿಂದ ವರದಿ ಈ ಕೂಸೇ ಕೊಡ್ಲಿ” ಎಂದು ಹೆಗಡೆಯವರು ಶೈಲಜಾಳತ್ತ ಕೈ ತೋರಿಸಿ ನನಗೆ ಹೇಳಿದರು.

ನಾನು ಆಗಲೇ ಒರೆಸಿದ್ದ ಕೀಬೋರ್ಡನ್ನು ಮತ್ತೊಮ್ಮೆ ಒರೆಸಿದೆ.

ಹನ್ನೆರಡರ ಸುಮಾರಿಗೆ ಟೆಂಡರ್ ನಿಂತಿತು. ವ್ಯಾಪಾರಿಗಳು ಹಾಕಿದ ದರ ಸರ್ವರಿನಲ್ಲಿ ಉಳಿಯುತ್ತಿರಲಿಲ್ಲ. ಅಂಗಳದಲ್ಲಿ ಎಕ್ಕಂಬಿ ಕಡೆಯ ಬೆಳೆಗಾರರು ತಮ್ಮ ಚೀಲಗಳ ಪಕ್ಕ ಕಾಯುತ್ತಿದ್ದರು. ಹಾನಗಲ್ಲಿನ ವ್ಯಾಪಾರಿಯೊಬ್ಬರು ಬಾಗಿಲಿಗೆ ಬಂದು, “ಒಂದರೊಳಗ ಶುರು ಮಾಡ್ರಿ. ಇಲ್ಲಾಂದ್ರ ನಾವು ಸಿದ್ದಾಪುರದ ಟೆಂಡರಿಗೆ ಹೊಂಟ್ವಿ” ಎಂದರು. ಕೊಳ್ಳುವವರು ಎದ್ದು ಹೋದರೆ ಅಂದು ಬಂದ ಅಡಿಕೆ ಹಾಗೆಯೇ ಉಳಿಯುತ್ತಿತ್ತು.

ಟಿವಿಯ ಪಟ್ಟಿ ಮಾತ್ರ ಹಸಿರಾಗಿಯೇ ಇತ್ತು. ಅದನ್ನು ಕಂಡು ನನಗೆ ಒಳಗೊಳಗೇ ಹಿತವಾಯಿತು.

“ಇದು ಯಾವ ಡಿಸ್ಕಿಂದು, ಶೈಲಜಾ?”

ಅವಳು ಟಿವಿಯತ್ತ ತಿರುಗಿದಳು. “ಎರಡೂ ಕೂಡ್ಸಿ ತೋರಿಸ್ತದೆ, ಭಟ್ರೇ.”

ಎರಡನೆಯ ಡಿಸ್ಕ್ ಬಹಳ ದೊಡ್ಡದು. ಅದರ ಖಾಲಿ ಜಾಗ ಮೊದಲನೆಯದನ್ನು ಮರೆಮಾಡಿತ್ತು. ಟೆಂಡರ್ ಇದ್ದದ್ದು ಮೊದಲನೆಯದರಲ್ಲಿ, ಅದು ಪೂರ್ತಿ ತುಂಬಿತ್ತು.

ಹಿತ ಹೆಚ್ಚು ಹೊತ್ತು ಉಳಿಯಲಿಲ್ಲ. ಡಿಸ್ಕ್ ತುಂಬಿದೆ ಎಂದಷ್ಟೇ ನನ್ನ ಸಾಲು ಹೇಳುತ್ತಿತ್ತು. ತುಂಬಿಸಿದ್ದು ಯಾವುದೆಂದು ಹೇಳುತ್ತಿರಲಿಲ್ಲ. ಅವಳು ಇನ್ನೊಂದು ಪುಟ ತೆರೆದಳು. ಯಾವ ಫೋಲ್ಡರ್ ಎಷ್ಟು ಬೆಳೆದಿದೆ ಎಂಬುದು ಅಲ್ಲಿ ಕಾಣುತ್ತಿತ್ತು. “ಯಲ್ಲಾಪುರ ಶಾಖೆದು ನೋಡಿ.”

ಚೀಲದ ಮೇಲ್ಗಡೆ ಒಳ್ಳೆಯ ಅಡಿಕೆ, ಅಡಿಯಲ್ಲಿ ಕಳಪೆ ಎಂಬ ತಕರಾರು ಅಲ್ಲಿ ಹೆಚ್ಚಾಗಿತ್ತು. ಹಾಗಾಗಿ ಶಾಖೆಯವರು ಹಿಂದಿನ ವಾರದಿಂದ, ಮೊದಲಿನಂತೆ ಫೋಟೊ ತೆಗೆಯುವುದನ್ನು ಬಿಟ್ಟು, ಪ್ರತಿ ಚೀಲ ಸುರಿಯುವುದನ್ನೂ ವಿಡಿಯೋ ಮಾಡಿ ಸರ್ವರಿಗೆ ಹಾಕುತ್ತಿದ್ದರು. ನಾನೊಬ್ಬನೇ ಹುಡುಕಿದ್ದರೆ ಸಂಜೆಯಾಗುತ್ತಿತ್ತು. ಬೆಳಗಿನ ಹೊಟ್ಟೆಕಿಚ್ಚು ಇಮ್ಮಡಿಯಾಯಿತು.

ಅವಳು ಅಳಿಸಲು ಹೊರಟಿದ್ದಳು. “ಮೊದ್ಲು ಪ್ರತಿ ಮಾಡು. ತೆರೆದು ನೋಡು. ಆಮೇಲೆ ಅಳಿಸು” ಎಂದೆ. ವಿಡಿಯೋಗಳೆಲ್ಲ ಎರಡನೆಯ ಡಿಸ್ಕಿಗೆ ಹೋದವು. ಒಂದು ಗಂಟೆಗೆ ಸ್ವಲ್ಪ ಮೊದಲು ದರಗಳು ಉಳಿಯತೊಡಗಿದವು. ಹಾನಗಲ್ಲಿನವರು ಮತ್ತೆ ಕುಳಿತರು.

ಜಾಗ ಅಳೆಯುವುದು ಅರ್ಧ ಕೆಲಸ. ಅಳತೆ ಕಂಡವರು ಕುರ್ಚಿ ಬಿಟ್ಟು ಏಳುವಂತೆ ತಿಳಿಸುವುದು ಉಳಿದರ್ಧ. ಆ ಉಳಿದರ್ಧ ಅವಳಿಗೆ ಬರುತ್ತಿತ್ತು, ನನಗೆ ಬರುತ್ತಿರಲಿಲ್ಲ.

ಸಂಜೆ ಅವಳು ಡಿಸ್ಕಿಗೊಂದರಂತೆ ಪಟ್ಟಿ ಬೇರೆ ಮಾಡಿದಳು. ಮೊದಲನೆಯದು ಹಳದಿಗೆ ಬಂದು ನಿಂತಿತು. ಅದರ ಚಿತ್ರ ತೆಗೆದು, ಕೆಳಗೆ ನನ್ನ ಸಾಲು ಬರೆದು ಹೆಗಡೆಯವರಿಗೆ ಕಳಿಸಿದೆ. ಕೂಡಲೇ ಅವರು ಓದಿದರೆಂಬ ನೀಲಿ ಗುರುತು ಬಿತ್ತು, ಉತ್ತರವೂ ಬಂತು.

‘ಚೊಲೋ ಇದ್ದು. ನಾಳೆಯಿಂದ ಇದೇ ನಮೂನಿ ಬರ್ಲಿ. ಶೈಲಜಾಗೆ ಹೇಳಿ.’

ನಾಳೆಯಿಂದ ಪಟ್ಟಿಯ ಕೆಳಗೆ ಸಾಲನ್ನೂ ಅವಳೇ ಬರೆಯಬೇಕೆಂದು ಹೇಳಿದೆ. ಅದು ಆ ದಿನದ ಕೊನೆಯ ಕೆಲಸ.