ಕಾಗದದಲ್ಲಿ ಇಲ್ಲದ ತಿಂಗಳು

ಆ ಧಾರಾವಾಹಿಯ ಮಾತು ಯಾರಾದರೂ ಎತ್ತಿದರೆ ಇವತ್ತಿಗೂ ನನಗೆ ಹೇಸಿಗೆ ಬರುತ್ತದೆ. ಪಾಪ, ಧಾರಾವಾಹಿಯದೇನೂ ತಪ್ಪಿಲ್ಲ. ಅದು ನಾಲ್ಕು ತಿಂಗಳು ಕೂಡ ಬಾಳಲಿಲ್ಲ. ಎಲ್ಲಿಯೂ ಇಲ್ಲದ ಒಂದು ರಾಜ್ಯ, ಅಲ್ಲೊಂದು ಅಂತರ್ಯುದ್ಧ. ಅಣ್ಣ ರಾಜನ ಸೈನ್ಯದಲ್ಲಿ ಸರದಾರ, ತಮ್ಮ ದಂಗೆ ಎದ್ದವರ ಮುಖಂಡ. ನಡುವೆ ಒಬ್ಬ ತಾಯಿ. ದೀಪ ಹಿಡಿದು ಬಾಗಿಲಲ್ಲಿ ನಿಂತು ಅಳುವುದು ಬಿಟ್ಟರೆ ಆಕೆಗೆ ಬೇರೆ ಕೆಲಸವಿರಲಿಲ್ಲ. ಹಿಂದಿಯಲ್ಲಿ ತಯಾರಾಗಿ ಕನ್ನಡಕ್ಕೆ ಬಂದದ್ದರಿಂದ ಎಲ್ಲರ ತುಟಿ ಒಂದು ಹೇಳಿದರೆ ಕಿವಿಗೆ ಇನ್ನೊಂದು ಬೀಳುತ್ತಿತ್ತು. ಅಥಣಿಯ ನಮ್ಮ ಮನೆಯಲ್ಲಿ ನಾನು ಎರಡು ದಿನ ನೋಡಿ ಬಿಟ್ಟೆ. ಅಲಖನೂರದ ನನ್ನ ತವರಿನಲ್ಲಿ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ತವರು ಅಂದರೆ ಈಗ ಎರಡು ಮನೆ. ನನಗೊಬ್ಬ ಅಣ್ಣ, ಒಬ್ಬ ತಮ್ಮ. ಅಪ್ಪ ತೀರಿದ ಮರುವರ್ಷವೇ ವಾಟ್ನಿ ಆಯಿತು. ಹೊಲದ ಜೊತೆಗೆ ಮನೆಯೂ ಪಾಲಾಗಿ ಪಡಸಾಲೆಯ ನಟ್ಟನಡುವೆ ಗೋಡೆ ಎದ್ದಿತು. ಅಂದಿನಿಂದ ಇಬ್ಬರಿಗೂ ಮಾತು ಬಂದ್. ಸಂಜೆ ಏಳೂವರೆಗೆ ಗೋಡೆಯ ಈಚೆಗೊಂದು ಟಿ.ವಿ., ಆಚೆಗೊಂದು ಟಿ.ವಿ. ಶುರುವಾಗುತ್ತಿತ್ತು. ಅಣ್ಣ ತೆರೆಯನ್ನು ಬಿಟ್ಟು ಗೋಡೆಯ ಕಡೆ ಮುಖ ಮಾಡಿ, "ಸಾಕಿದ ಅಣ್ಣನ ಮ್ಯಾಲೆನ ಕತ್ತಿ ಎತ್ಯಾನ ನೋಡ್ರಿ. ತಮ್ಮಗೋಳೆಲ್ಲಾ ಇಂಥಾವ್ರ," ಎಂದು ಕೂಗುತ್ತಿದ್ದ. ಆಚೆಯಿಂದ ತಮ್ಮ, "ಅಣ್ಣ ಅನಿಸ್ಕೊಂಡಾಂವ ಪಾಲು ನೆಟ್ಟಗ ಕೊಟ್ಟಿದ್ರ ಅಂವ ಯಾಕ ಕತ್ತಿ ಹಿಡೀತಿದ್ದ?" ಎನ್ನುತ್ತಿದ್ದ. ಇದನ್ನೆಲ್ಲ ಅವ್ವ ನನಗೆ ಫೋನಿನಲ್ಲಿ ಹೇಳಿ ನಗುತ್ತಿದ್ದಳು. ನಾನೂ ನಗುತ್ತಿದ್ದೆ.

ರಾಯಬಾಗದಲ್ಲಿ ಬರೆಸಿದ ಆ ವಾಟ್ನಿ ಪತ್ರವನ್ನು ನಾನು ಓದಿದ್ದೇನೆ. ಸಾಕ್ಷಿಯಾಗಿ ನನ್ನ ಸಹಿಯೂ ಅದರ ಮೇಲಿದೆ. ಕಬ್ಬಿನ ಹೊಲ ಇಷ್ಟಿಷ್ಟು, ಬಾವಿಯ ನೀರಿನ ಪಾಳಿ ಹೀಗೆ, ಎಮ್ಮೆ ಇವನಿಗೆ, ಕರು ಅವನಿಗೆ. ಎಲ್ಲ ಮುಗಿದ ಮೇಲೆ ಕೊನೆಯ ಕಲಮಿನಲ್ಲಿ ಅವ್ವ. ಚೈತ್ರ ಹಿರಿಯ ಮಗನ ಮನೆ, ವೈಶಾಖ ಕಿರಿಯ ಮಗನ ಮನೆ, ಜ್ಯೇಷ್ಠ ಮತ್ತೆ ಹಿರಿಯವನದು. ಇಂಗ್ಲಿಷ್ ತಿಂಗಳು ಯಾಕೆ ಬೇಡವಾಯಿತು ಗೊತ್ತೇ? ಒಂದಕ್ಕೆ ಮೂವತ್ತು ದಿನ, ಇನ್ನೊಂದಕ್ಕೆ ಮೂವತ್ತೊಂದು. ಅವ್ವನ ಒಂದು ದಿನದ ಊಟ ಯಾರಿಗಾದರೂ ಹೆಚ್ಚಾದೀತು ಎಂಬ ಎಚ್ಚರಿಕೆ! ಅದಕ್ಕೇ ಪಂಚಾಂಗ ತಂದು, ಹನ್ನೆರಡು ತಿಂಗಳ ಹೆಸರು ಹಿಡಿದು ಬರೆಸಿದರು. ಅಮಾವಾಸ್ಯೆ ಬಂತೆಂದರೆ ಅವ್ವ ತನ್ನ ಗಂಟು ಎತ್ತಿಕೊಂಡು ಒಂದು ಬಾಗಿಲಿನಿಂದ ಹೊರಬಿದ್ದು ಪಕ್ಕದ ಬಾಗಿಲಿಗೆ ಹೋಗುತ್ತಿದ್ದಳು. ಇಷ್ಟೆಲ್ಲ ಲೆಕ್ಕ ಹಾಕಿದ ಶಾಣ್ಯಾರು ಅಧಿಕ ಮಾಸವನ್ನೇ ಮರೆತಿದ್ದರು.

ವಾಟ್ನಿಯ ನಂತರ ಮೊದಲ ಸಲ ಆ ವರ್ಷ ಅಧಿಕ ಬಂತು, ನಿಜ ಶ್ರಾವಣಕ್ಕೆ ಮೊದಲು ಒಂದು ಅಧಿಕ ಶ್ರಾವಣ. ಅಧಿಕದಲ್ಲಿ ಮಗಳು ಅಳಿಯನನ್ನು ಕರೆದು, ಅಕ್ಕಿಹಿಟ್ಟು ಬೆಲ್ಲ ಕಲಸಿ ತುಪ್ಪದಲ್ಲಿ ಕರಿದ ಅನಾರಸ ಕೊಡುವುದು ನಮ್ಮ ಕಡೆಯ ಪದ್ಧತಿ. ಅಣ್ಣ ಫೋನು ಮಾಡಿ ಕರೆದಿದ್ದ. ಅಧಿಕ ಶುರುವಾದ ದಿನವೇ ನಾನೂ ನಮ್ಮ ಮನೆಯವರೂ ಮಧ್ಯಾಹ್ನದ ಬಸ್ಸಿಗೆ ಇಳಿದೆವು. ಜಿನುಗು ಮಳೆ. ಎರಡು ಬಾಗಿಲುಗಳ ಮುಂದೆ ಒಂದೇ ಉದ್ದದ ಕಟ್ಟೆ ಇದೆ. ಊರ ಮುಂದೆ ಚೆಂದ ಕಾಣಲೆಂದು ಅದೊಂದನ್ನು ಒಡೆದಿರಲಿಲ್ಲ. ಅಲ್ಲಿ ಅವ್ವ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಯಾಕಬೇ, ಹೊರಗ ಕುಂತಿ?" ಎಂದೆ.

"ಆಷಾಢ ಮುಗೀತು. ಶ್ರಾವಣ ಇನ್ನಾ ಬಂದಿಲ್ಲಂತ," ಎಂದಳು ಅವ್ವ. "ಎಲ್ಲಿ ಕುಂದರ್ಲಿ ಹೇಳು?"

ಆಷಾಢ ತಮ್ಮನ ಪಾಳಿ. ಅದು ಹಿಂದಿನ ದಿನ ಮುಗಿದಿತ್ತು. ಬೆಳಿಗ್ಗೆ ಎದುರು ಮನೆಯಾಕೆ ಕೊಟ್ಟ ರೊಟ್ಟಿ ತಿಂದದ್ದು ಬಿಟ್ಟರೆ ಅವ್ವನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ನಾನು ಒಳಗೆ ನುಗ್ಗಿ ಕೇಳಿದರೆ ಅಣ್ಣ ಬಹಳ ಸಮಾಧಾನದಿಂದ ತಿಳಿಸಿ ಹೇಳಿದ: "ಶ್ರಾವಣ ನಂದು, ಇಲ್ಲ ಅನ್ನೂದಿಲ್ಲ. ಆದ್ರ ನಿಜ ಶ್ರಾವಣ ನಂದು. ಇದು ಅಧಿಕ. ಕಾಗದದಾಗ ಇಲ್ಲ." ಆಚೆ ಮನೆಗೆ ಹೋದರೆ ತಮ್ಮ ಅಷ್ಟೇ ಸಮಾಧಾನದಿಂದ, "ಅಧಿಕ ಇರ್ಲಿ, ನಿಜ ಇರ್ಲಿ, ಶ್ರಾವಣ ಅಂದ್ರ ಅವಂದ ಅಲ್ಲೇನಕ್ಕಾ?" ಎಂದ. ತಿರುಗಿ ಬಂದರೆ ಅಣ್ಣನ ಮನೆಯಲ್ಲಿ ಆಗಲೇ ಅವನ ಹೆಂಡತಿ, ನಮ್ಮ ವೈನಿ, ನಮ್ಮ ಮನೆಯವರ ಮುಂದೆ ಅನಾರಸದ ತಾಟು ಇಟ್ಟಿದ್ದಳು. ಅಳಿಯನಿಗೆ ಅಧಿಕ ಬಂದಿತ್ತು, ಹೆತ್ತವಳಿಗೆ ಬಂದಿರಲಿಲ್ಲ.

ನಾನು ಬಾಯಿ ಬಿಡುವಷ್ಟರಲ್ಲಿ ಅಣ್ಣ ನೋಟ್‌ಬುಕ್ಕು, ಪೆನ್ನು ತಂದು ಮುಂದಿಟ್ಟ. ಅಣ್ಣನಿಗೂ ತಮ್ಮನಿಗೂ ಬೇರೊಂದು ದುಃಖವಿತ್ತು. ನಾಲ್ಕು ದಿನದ ಹಿಂದೆ ಧಾರಾವಾಹಿ ಹೇಳದೆ ಕೇಳದೆ ನಿಂತುಹೋಗಿತ್ತು. ಕಥೆಯ ಅಣ್ಣ ತಮ್ಮ ಎದುರುಬದುರಾಗಿ ಕತ್ತಿ ಎತ್ತಿ ನಿಂತಿದ್ದಾಗಲೇ ಮುಗಿಸಿ, ಆ ಹೊತ್ತಿಗೆ ಹಾಡಿನ ಸ್ಪರ್ಧೆ ಹಾಕಿದ್ದರಂತೆ. ಚಾನೆಲ್ಲಿನವರಿಗೆ ಪತ್ರ ಬರೆಯಬೇಕು, ಕಥೆ ಮುಂದುವರಿಸಬೇಕು, ಅಣ್ಣತಮ್ಮರನ್ನು ಕೂಡಿಸಬೇಕು. "ನೀ ಸಾಲಿ ಕಲಿಸಾಕಿ. ನಿನ್ನ ಅಕ್ಷರ ಛಂದ ಅದಾವು," ಎಂದ ಅಣ್ಣ. ಅದು ಕೇಳಿಸಿ ತಮ್ಮನೂ ಹೊರಗೆ ಬಂದ. "ನಂದೂ ಸಹಿ ಐತಿ ಅಂತ ಅವರಿಗೆ ಹೇಳಕ್ಕಾ," ಎಂದು, ಮೂರು ಮಾರು ದೂರದಲ್ಲಿದ್ದ ಅಣ್ಣನಿಗೆ ನನ್ನ ಮುಖಾಂತರ ತಿಳಿಸಿದ.

ನಾನು ನಡುವೆ, ಇಬ್ಬರೂ ಆಚೀಚೆ, ಕಟ್ಟೆಯ ಮೇಲೆ ಕೂತೆವು. ಅಣ್ಣ ಹೇಳಿದ: "ತಾಯಿ ಕಣ್ಣು ಮುಚ್ಚೂದ್ರೊಳಗ ಇಬ್ಬರೂ ಮಕ್ಕಳು ಒಂದು ಒಲಿ ಮುಂದ ಕುಂತು ಉಂಡದ್ದು ನೋಡಬೇಕು ಅಂತ ಬರಿ." ತಮ್ಮನ ಕಣ್ಣು ತುಂಬಿದವು. "ತಾಯಿ ಕರಳು ಎಂಥಾದ್ದು ಅಂತ ಆ ಮಂದಿಗೇನ ಗೊತ್ತು. ಅದನ್ನೂ ಹಾಕು," ಎಂದ. ಅಣ್ಣ ಟವೆಲ್ಲಿನಿಂದ ಮೂಗು ಒರೆಸಿಕೊಂಡ. ಅವ್ವ ಕೈಗೆ ಸಿಗುವಷ್ಟು ಹತ್ತಿರದಲ್ಲಿ, ಸೆರಗಿನಿಂದ ಗಂಟನ್ನು ಮಳೆಗೆ ಮರೆಮಾಡಿಕೊಂಡು ಕೇಳುತ್ತಿದ್ದಳು. ಅಂಥ ಅಳು ನಾನು ಜನ್ಮದಲ್ಲಿ ನೋಡಿಲ್ಲ. ಥೂ.

ಆದರೂ ಬರೆದೆ. ಯಾಕೆ ಬರೆದೆನೋ ಗೊತ್ತಿಲ್ಲ. ಬರೆದದ್ದಷ್ಟೇ ಅಲ್ಲ, ಒಂದು ವಾಕ್ಯ ಹೊಡೆದುಹಾಕಿ ಇನ್ನೂ ಚೆನ್ನಾಗಿ ತಿದ್ದಿದೆ, ಗಟ್ಟಿಯಾಗಿ ಓದಿ ತೋರಿಸಿದೆ. ಇಬ್ಬರೂ ಒಬ್ಬರ ಕೆಳಗೊಬ್ಬರು ಸಹಿ ಮಾಡಿದರು. ವಾಟ್ನಿ ಪತ್ರದ ನಂತರ ಅವರ ಸಹಿಗಳು ಕೂಡಿದ್ದು ಅದೇ ಮೊದಲು.

"ಸಹಿ ಆತಲ್ಲ," ಎಂದೆ. "ಈಗ ಅವ್ವ ಯಾರ ಮನ್ಯಾಗ ಉಣ್ತಾಳ, ಅದನ್ನ ಹೇಳ್ರಿ."

ಅಣ್ಣ ಪೆನ್ನಿಗೆ ಮುಚ್ಚಳ ಹಾಕುತ್ತ, "ಅದು ಬ್ಯಾರೆ ಮಾತು, ತಂಗಿ. ಅದಕ್ಕ ಕಾಗದ ಐತಿ," ಎಂದ. ತಮ್ಮ ತಲೆಯಾಡಿಸಿ, "ಹೌದು, ಕಾಗದದಾಗ ಇದ್ದಂಗ ಆಗ್ಲಿ," ಎಂದ. ವಾಟ್ನಿಯಾದಂದಿನಿಂದ ಅಣ್ಣನ ಮಾತಿಗೆ ಅವನು ಹೂಂಗುಟ್ಟಿದ್ದು ಅದೊಂದೇ ಸಲ.

ನಾನು ಪತ್ರವನ್ನು ಹರಿದು ನಾಲ್ಕು ಚೂರು ಮಾಡಿ ಕೆಸರಿಗೆ ಎಸೆದೆ. ತಮ್ಮ ಎದ್ದುನಿಂತು, "ಅಯ್ಯ ಅಕ್ಕಾ, ಎಷ್ಟ ಛಂದ ಬರದಿದ್ದಿ!" ಎಂದು ಕೂಗಿದ. ಅವನಿಗೆ ಸಂಕಟವಾದದ್ದು ಅದಕ್ಕೆ. ನಮ್ಮ ಮನೆಯವರು ಅನಾರಸವನ್ನು ಮುಟ್ಟದೆ ಎದ್ದು ಬಂದರು. ಮೂವರೂ ಮುಂದಿನ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನಾನು ಅಣ್ಣನನ್ನೂ ತಮ್ಮನನ್ನೂ ಬಾಯಿಗೆ ಬಂದಂತೆ ಬೈದೆ. ಬಸ್ಸಿನಲ್ಲಿದ್ದವರೆಲ್ಲ ನನ್ನ ಕಡೆಗೇ ಇದ್ದರು. ಅದು ನನಗೆ ಬಹಳ ಹಿತವಾಗಿತ್ತು.

ಅಥಣಿಗೆ ಬಂದು ಅವ್ವ ಕೈಕಾಲು ತೊಳೆದು, ಬಿಸಿ ಅನ್ನ ಸಾರು ಉಂಡಳು. ಎರಡನೇ ಸಲ ನೀಡುವಾಗ ಬೇಡವೆನ್ನಲಿಲ್ಲ. ಉಂಡು ಗೋಡೆಗೆ ಒರಗಿ ಕೂತು ಕೇಳಿದಳು:

"ಇಲ್ಲಿ ನನ್ನ ಪಾಳಿ ಎಂದಿನ ತನಕ, ಯವ್ವಾ?"

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಷ್ಟು ಸಹಜವಾಗಿ ಕೇಳಿದಳು. ಪಾಳಿ ಗೀಳಿ ಏನೂ ಇಲ್ಲ, ಇರುವಷ್ಟು ದಿನ ಇರು ಎನ್ನಬೇಕಿತ್ತು. ಅಷ್ಟು ಬೈದ ಬಾಯಿಗೆ ಆ ಮಾತು ಬರಲಿಲ್ಲ.

"ಈ ಅಧಿಕ ಮುಗಿಯೂ ತನಕಾ ಆರಾಮ ಇರಬೇ," ಎಂದೆ.

"ಛಲೋ ಆತು," ಎಂದಳು ಅವ್ವ. "ಅಮಾಸಿ ಯಾವ ತಾರೀಖಿಗೆ ಬರ್ತೈತಿ, ನೋಡಿ ಹೇಳು."

ನಾನು ಎದ್ದು ಕ್ಯಾಲೆಂಡರ್ ನೋಡಿ ತಾರೀಖು ಹೇಳಿದೆ.