ಹೊಗೆ ತೆಗೆದ ಚಿತ್ರ

ಯುದ್ಧದ ಮಾತು ಜೋರಾಗಿದ್ದ ಆ ದಿನಗಳಲ್ಲಿ ನನಗೆ ಪಿತ್ತ ನೆತ್ತಿಗೇರಿತ್ತು. ಟಿವಿಯಲ್ಲಿ ಕೋಟು ಹಾಕಿಕೊಂಡವರು ಅಣುಬಾಂಬನ್ನು ಪಟಾಕಿಯ ಹಾಗೆ ಚರ್ಚಿಸುತ್ತಿದ್ದರು. ಕುಮಟಾದ ಗೆಳೆಯರು ಯುದ್ಧ ಬೇಡವೆನ್ನುವ ಚಿತ್ರಗಳ ಪ್ರದರ್ಶನ ಇಟ್ಟುಕೊಂಡಿದ್ದರು. ಶಾಲೆಯಲ್ಲಿ ಚಿತ್ರಕಲೆ ಕಲಿಸುವ ನಾನು ಭಟ್ಕಳದ ಮನೆಯ ಜಗುಲಿಯಲ್ಲಿ ಕೂತು, ಅಚ್ಚು ತೆಗೆಯಲು ಲಿನೋ ಎಂಬ ರಬ್ಬರಿನಂಥ ಹಾಳೆ ಕೆತ್ತಿದೆ. ಕೆಳಗೆ ಕಪ್ಪು ಊರು, ಮೇಲೆ ಬಾಂಬಿನ ದೊಡ್ಡ ಹೊಗೆ. ನೋಡಿದವರ ಎದೆ ಝಲ್ಲೆನ್ನಬೇಕು, ಅಷ್ಟೇ ನನಗೆ ಬೇಕಿದ್ದುದು.

ಮಸಿ ಹಚ್ಚಿ, ಕಾಗದ ಹಾಸಿ, ಸೌಟಿನ ಬೆನ್ನಿನಿಂದ ಉಜ್ಜಿ ಮೊದಲ ಅಚ್ಚು ಎತ್ತುವಾಗ ಪಕ್ಕದ ಮನೆಯ ಆಪಾ ಬಂದರು. ಅವರ ಒಬ್ಬಳೇ ತಂಗಿ ಮದುವೆಯಾಗಿ ಕರಾಚಿ ಸೇರಿದವಳು. ಕೆಲವು ದಿನಗಳಿಂದ ಅವಳ ಫೋನು ಹತ್ತುತ್ತಿರಲಿಲ್ಲ.

"ಅಕ್ಕೋರೆ, ಇದು ಎಂತ ಬರ್ದ್ರಿ? ನನ್ನ ತಂಗಿ ಊರ ಮೇಲೆ ಹೊಗೆ ಹಾಕ್ಬೇಡಿ."

"ಅದು ಯಾವ ಊರೂ ಅಲ್ಲ, ಆಪಾ."

"ಅವಳೂ ಒಂದು ಊರಲ್ಲೇ ಇರೂದಲ್ವ?"

ನನಗೆ ರೇಗಿತು. ಕಾಗದದ ಮೇಲಿನ ಹೊಗೆ ಯಾರನ್ನು ಸುಟ್ಟೀತು? ಆದರೆ ಅವರು ಕೈಯಲ್ಲಿದ್ದ ಫೋನಿನಲ್ಲಿ ತಂಗಿಯ ನಂಬರನ್ನು ಮತ್ತೆ ಒತ್ತುತ್ತಿದ್ದರು. ಅಚ್ಚನ್ನು ಬದಿಗಿಟ್ಟೆ.

ಲಿನೋದಲ್ಲಿ ಕೆತ್ತಿದ ಜಾಗ ಅಚ್ಚಿನಲ್ಲಿ ಬಿಳಿಯಾಗುತ್ತದೆ; ಒಮ್ಮೆ ಕೆತ್ತಿದ್ದು ಮತ್ತೆ ಕೂಡುವುದಿಲ್ಲ. ಉಳಿದ ಕಪ್ಪನ್ನು ಇನ್ನಷ್ಟು ಕೆತ್ತಬಹುದು, ಅಷ್ಟೇ. ಹೊಗೆಯ ಕಪ್ಪನ್ನೆಲ್ಲ ಕೆತ್ತಿ ತೆಗೆದೆ. ಆಪಾ ಅಲ್ಲೇ ಕೂತು ತಂಗಿಯ ಮಾತು ತೆಗೆದರು. ಜಡೆ ಹಾಕಿಸಿಕೊಳ್ಳಲು ಕೂತಲ್ಲಿ ಕೂರುತ್ತಿರಲಿಲ್ಲವಂತೆ ಆ ಹುಡುಗಿ. ಊರಿನ ಕಪ್ಪಿನೊಳಗೆ ಒಂದು ಕಿಟಕಿ ಕೆತ್ತಿದೆ. ಅದರಲ್ಲಿ, ಬಿಳಿ ಗೆರೆಯಲ್ಲಿ, ಅಕ್ಕ ತಂಗಿಗೆ ಜಡೆ ಹೆಣೆಯುತ್ತಿದ್ದಳು. ಹೊಸ ಅಚ್ಚಿನ ಫೋಟೋ ತೆಗೆದು, ಫೋನು ಹತ್ತಿದಾಗ ನೋಡಲಿ ಎಂದು ಆಪಾ ತಂಗಿಗೆ ಕಳಿಸಿದರು.

ಪ್ರದರ್ಶನದಲ್ಲಿ ಒಬ್ಬರು ಚಿತ್ರದ ಮುಂದೆ ತುಂಬ ಹೊತ್ತು ನಿಂತು, "ಇದ್ರಲ್ಲಿ ಯುದ್ಧ ಎಲ್ಲದೆ?" ಎಂದರು.

"ತೆಗ್ದೆ," ಅಂದೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಕರಾಚಿಯಿಂದ ಉತ್ತರವಿಲ್ಲ. ಗಡಿಯಲ್ಲಿ ಗುಂಡು ನಿಂತಿತೆಂದು ಸುದ್ದಿ ಬಂದ ಮೇಲೂ ಇಲ್ಲ. ಆಪಾ ದಿನಾ ಬಂದು ಹೋಗುತ್ತಿದ್ದರು. ತಂಗಿಯ ಸುದ್ದಿ ಕೇಳಲು ನನಗೆ ಭಯವಾಗುತ್ತಿತ್ತು.

ಒಂದು ಬೆಳಿಗ್ಗೆ ಆಪಾ ಚಪ್ಪಲಿಯನ್ನೂ ಮೆಟ್ಟದೆ ಓಡಿಬಂದು ಫೋನನ್ನು ನನ್ನ ಕಿವಿಗೆ ಹಿಡಿದರು. ಅವರ ಮನೆಮಾತು ನವಾಯತಿಯಲ್ಲಿ ಒಂದು ಹೆಣ್ಣುದನಿ ಜಗಳಕ್ಕೆ ಬಿದ್ದ ಹಾಗೆ ಮಾತಾಡುತ್ತಿತ್ತು.

"ಎಂತ ಹೇಳ್ತಾಳೆ ಗೊತ್ತದ್ಯಾ?" ಆಪಾ ನಗುತ್ತಲೇ ಅಳುತ್ತಿದ್ದರು. "ಚಿತ್ರದಲ್ಲಿ ಜಡೆ ಗಿಡ್ಡ ಆತಂತೆ. ಅವಳ್ದು ಸೊಂಟದವರೆಗೆ ಇತ್ತಂತೆ!"

ನನಗೂ ಕಣ್ಣು ತುಂಬಿತು. ಲಿನೋ ಹಾಳೆ ಹೊರತೆಗೆದು ನೋಡಿದೆ. ಜಡೆಯ ಕೆಳಗೆ ಇನ್ನೂ ಸ್ವಲ್ಪ ಕಪ್ಪು ಉಳಿದಿತ್ತು. ಉಳಿ ಕೈಗೆತ್ತಿಕೊಂಡೆ.